ಹುಣಸೆ ಬೀಜ ಮತ್ತು ಸ್ಥಾನಬೆಲೆ: ಒಂದು ಮಹಾಪ್ರಬಂಧದ ಪೀಠಿಕೆ

ಪ್ರಸ್ತುತ ಪ್ರಬಂಧವು ಪ್ರಾಥಮಿಕ ಹಂತದ ಕಲಿಕಾರ್ಥಿಗಳು ಎರಡಂಕಿಯಿಂದ ಮೂರಂಕಿಗೆ ಸಂಕ್ರಮಿಸುವ ಪ್ರಕ್ರಿಯೆಯನ್ನು ಕ್ರೀಡಾಧಾರಿತ, ಶಿಶುಕೇಂದ್ರಿತ, ಸಂತಸದಾಯಕ ಚೌಕಟ್ಟಿನಲ್ಲಿ ಪರಾಮರ್ಶಿಸುತ್ತದೆ. ಅಂದರೆ, ಮಕ್ಕಳಿಗೆ ನೂರು ಎಣಿಸಲು ಕಲಿಸುವುದು ಹೇಗೆ ಅಂತ. ಇಷ್ಟು ಚಿಕ್ಕದಾಗಿ ಹೇಳಿಬಿಟ್ಟರೆ ಮೂರು ದಿನದ ತರಬೇತಿಗೆ ಅನುದಾನ ಹುಟ್ಟುವುದಿಲ್ಲ.

ಪೂರ್ವಸೂರಿಗಳ ಸಮೀಕ್ಷೆ. 9ನೇ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದರು. ಆದರೆ ಕಲಿಕಾ ಫಲಗಳನ್ನು ನಮೂದಿಸಲಿಲ್ಲ, ಫೋಟೊ ಅಪ್‌ಲೋಡ್ ಮಾಡಲಿಲ್ಲ. ಆದಕಾರಣ ಅವರನ್ನು ಕೈಬಿಡಲಾಗಿದೆ.

ಉಪಕರಣಗಳು. ಶೂನ್ಯವೆಚ್ಚದ, ಸ್ಥಳೀಯವಾಗಿ ಲಭ್ಯ ಮೂರ್ತ ಕಲಿಕೋಪಕರಣ (ಹುಣಸೆ ಬೀಜ). ದಶಮಾನ ಸಮುಚ್ಚಯ ಪ್ರತಿನಿಧಿ (ಕಡ್ಡಿ). ಯಾದೃಚ್ಛಿಕ ಸಂಖ್ಯೋತ್ಪಾದಕ ಸಾಧನ (ಕವಡೆ). ರಬ್ಬರ್ ಬ್ಯಾಂಡಿಗೆ ಹೆಸರಿಡಲು ಸಂಪನ್ಮೂಲ ವ್ಯಕ್ತಿಗಳ ಉಪಸಮಿತಿ ಇನ್ನೂ ಕೂತಿದೆ.

ವಿಧಾನ. ಕವಡೆ ಹಾಕು, ಬಿದ್ದಷ್ಟು ಬೀಜ ಎತ್ತಿಕೋ. ಹತ್ತು ಬೀಜ ಕೊಟ್ಟರೆ ಒಂದು ಕಡ್ಡಿ. ಹತ್ತು ಕಡ್ಡಿಯಾದರೆ ಒಂದು ಕಟ್ಟು. ಮೊದಲು ಕಟ್ಟು ಕಟ್ಟಿದವರು ಗೆದ್ದರು.

ಕಲಿಕಾರ್ಥಿಗಳು ಏಳು ವಿಧ. ಒಂದು, ಬೀಜ ಎಣಿಸುವವರು. ಎರಡು, ಪಕ್ಕದವರ ಬೀಜ ಎಣಿಸುವವರು. ಮೂರು, ಬೀಜವನ್ನು ಚಡ್ಡಿ ಜೇಬಿಗೆ ಇಳಿಸುವವರು. ನಾಲ್ಕು... ಹೋಗಲಿ ಬಿಡಿ, ಮಕ್ಕಳು ಮಕ್ಕಳೇ.

ನಲಿ-ಕಲಿ ಕೋಣೆಯಲ್ಲಿ ಒಬ್ಬಳ ಮುಂದೆ ಒಂಬತ್ತು ಕಡ್ಡಿ, ಒಂಬತ್ತು ಬೀಜ. ಕವಡೆ ಬಿತ್ತು: ಒಂದು. ಬೀಜ ಕೊಟ್ಟು ಕಡ್ಡಿ ತಗೊಂಡಳು, ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದಳು, ನೆಲ ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಸಾ, ನಂದೆಲ್ಲಾ ಹೋಯ್ತು, ಒಂದೇ ಉಳಿದಿರೋದು!" ಎದುರಿನವನ ಹತ್ತಿರ ಎಂಟು ಕಡ್ಡಿ, ಏಳು ಬೀಜ. "ನಾನೇ ಗೆದ್ದೆ, ನನ್ನತ್ರ ಜಾಸ್ತಿ ಐತೆ" ಅಂದ. ಜಗಳ ಶುರುವಾಯಿತು. ಕಟ್ಟು ಬಿಚ್ಚಿ, ಒಂದೊಂದು ಕಡ್ಡಿಯ ಮುಂದೂ ಹತ್ತತ್ತು ಬೀಜ ಇಡತೊಡಗಿದರು. ಸ್ಥಾನಬೆಲೆ ಮಕ್ಕಳ ತಲೆಗೆ ಹತ್ತುವುದು ಆ ಜಗಳದಲ್ಲೇ, ಮಾಡ್ಯೂಲಿನಲ್ಲಲ್ಲ.

ನಾಲ್ಕು ಸಾಲು ಇಡುವಷ್ಟರಲ್ಲಿ ವಾಟ್ಸಾಪ್ ಕೂಗಿತು: ಮೊಟ್ಟೆ, ಬಾಳೆಹಣ್ಣು ವಿತರಣೆಯ ಅಂಕಿಅಂಶ ಹನ್ನೆರಡು ಗಂಟೆಯೊಳಗೆ. ಅದರ ಹಿಂದೆಯೇ ಇನ್ನೊಂದು: ಗಣಿತದ ಆಟದ ಫೋಟೊ ಕಡ್ಡಾಯ, ಮಕ್ಕಳು ನಗುತ್ತಿರಬೇಕು.

2021ರಲ್ಲಿ ಬಂದ ನಿಪುಣ್ ಭಾರತ್ ಮಾರ್ಗಸೂಚಿಯಲ್ಲಿ ಒಂದನೇ ತರಗತಿಗೆ 99, ಎರಡಕ್ಕೆ 999, ಮೂರಕ್ಕೆ 9999ರ ತನಕ ಗುರಿ. ಗುರಿ ಸರಿಯೇ. ಮುಟ್ಟಿಸಬೇಕಾದವನು ಎಲ್ಲಿದ್ದಾನೆ? ಮನೆ ಎಣಿಸುತ್ತಿದ್ದಾನೆ, ಮತದಾರರನ್ನು ಎಣಿಸುತ್ತಿದ್ದಾನೆ, ಮೊಟ್ಟೆ ಎಣಿಸುತ್ತಿದ್ದಾನೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್. ಓದಿದವರಿಲ್ಲ. ದೊಡ್ಡ ಸಂಖ್ಯೆಯೆಲ್ಲ ಮೇಷ್ಟ್ರ ಪಾಲಿಗೆ ಬಂದಿದೆ. ಐದನೇ ತರಗತಿಗೆ ಹೋದ ಮಗು ಮುನ್ನೂರೆರಡನ್ನು 3002 ಅಂತ ಬರೆಯುತ್ತದೆ. ಆಗ ಅದಕ್ಕೂ ಒಂದು ತರಬೇತಿ!

ಮಾನ್ಯರೇ, ಮುಂದಿನ ತರಬೇತಿಯ ಆ ಮೂರು ದಿನ ನಮ್ಮನ್ನು ತರಗತಿಯಲ್ಲೇ ಬಿಡಿ, ಫೋನು ಮಾಡಬೇಡಿ. ಹುಣಸೆ ಬೀಜ ನಾವೇ ತರುತ್ತೇವೆ.