ಕಡಲಿಲ್ಲದೂರಿನ ಲೈಟ್‌ಹೌಸ್

ಯಾದಗಿರಿ ಜಿಲ್ಲೆಯಿಂದ ತಪ್ಪದೆ ಸಮುದ್ರಕ್ಕೆ ಹೋಗುವವರು ಇಬ್ಬರೇ: ಕೃಷ್ಣೆ ಮತ್ತು ಭೀಮೆ. ಅವರೂ ಹೋಗಿಬರುವವರಲ್ಲ, ಹೋಗುವವರು. ಉಳಿದ ನಮಗೆ ಕಡಲಿಗಿಂತ ಎರಿ ಹೊಲದ ಕಡಲೆಯೇ ಹೆಚ್ಚು ಪರಿಚಯ.

ಹೀಗಿರುವಾಗ ನಮ್ಮಕ್ಕನ ಮಗ ಗ್ರೀಸಿನ ಕೆಫಲೋನಿಯಾ ದ್ವೀಪಕ್ಕೆ ಹೋಗಿ ಅಲ್ಲಿನ ಹಳೆಯ ಲೈಟ್‌ಹೌಸಿನ ಫೋಟೋಗಳನ್ನು ಮನೆಮಂದಿಗೆಲ್ಲ ಕಳಿಸಿದ. ದುಂಡಗೆ ನಿಂತ ಬಿಳಿ ಕಂಬಗಳು, ನಡುವೆ ದೀಪದ ಗೋಪುರ, ಹಿಂದೆ ನೀಲಿ ನೀರು. ನಮ್ಮವ್ವ ಕನ್ನಡಕ ಏರಿಸಿ ನೋಡಿ, "ಗುಡಿ ಭಾಳ ಚಂದ ಐತಿ. ದೇವ್ರು ಯಾವ್ದಂತ?" ಎಂದಳು. ಅವ್ವ ತೀರಾ ದಾರಿ ತಪ್ಪಿರಲಿಲ್ಲ. ಆ ಲೈಟ್‌ಹೌಸಿಗಿರುವುದು ಸಂತ ಥಿಯೋಡೋರರ ಹೆಸರೇ. ಕಟ್ಟಿಸಿದವನು ಮಾತ್ರ ಚಾರ್ಲ್ಸ್ ನೇಪಿಯರ್ ಎಂಬ ಬ್ರಿಟಿಷ್ ಅಧಿಕಾರಿ, 1828ರ ಸುಮಾರಿಗೆ. ಮುಂದೆ 1843ರಲ್ಲಿ ನಮ್ಮ ಕಡೆ ಬಂದು ಸಿಂಧ್ ಪ್ರಾಂತವನ್ನು ನುಂಗಿದವನೂ ಅವನೇ. 1953ರ ಭೂಕಂಪದಲ್ಲಿ ಲೈಟ್‌ಹೌಸು ಬಿತ್ತು; ಹಳೆಯ ನಮೂನೆಯಲ್ಲೇ ಮತ್ತೆ ಕಟ್ಟಿಕೊಂಡರು.

"ಮಾಮಾ, ಸುರಪುರದಾಗ ಇಂಥಾದ್ದು ಏನರ ಐತೇನು?" ಎಂದು ಹುಡುಗ ಕೊನೆಗೊಂದು ಸಾಲು ಸೇರಿಸಿದ್ದ. ಲೈಟ್‌ಹೌಸೇ ಬೇಕೆಂದರೆ ಕರಾವಳಿಯ ಕಾಪುವಿನದಿದೆ, 1901ರದು. ಆದರೆ ಕೇಳಿದ್ದು ಸುರಪುರದ ಮಾತು. ಕ್ಯಾಮೆರಾ, ಸ್ಟ್ಯಾಂಡು ಹೊತ್ತು ಟೇಲರ್ ಮಂಜಿಲು ಎಂಬ ಹಳೆಯ ಬಂಗಲೆಯ ಗುಡ್ಡ ಹತ್ತಿದೆ.

ನಮ್ಮಲ್ಲಿ ಮೂರು ಕಾಲಿನ ಸ್ಟ್ಯಾಂಡು ಹೊತ್ತವನು ಒಂದೋ ಮದುವೆ ಫೋಟೋದವನು, ಇಲ್ಲವೇ ಹೊಲ ಅಳೆಯುವವನು. ಮದುವೆಯ ಸುಗ್ಗಿ ಅಲ್ಲವಾದ್ದರಿಂದ ಆಡು ಕಾಯುತ್ತಿದ್ದ ಮುದುಕ ಕೇಳಿದ: "ಸರ್ವೆದವ್ರೇನ್ರೀ ಸರ? ನಮ್ಮ ಬದು ಒಂದೀಟು ನೋಡ್ತೀರೇನು?" ಬರೀ ಫೋಟೋ ಎಂದಾಗ ಅವನಿಗೆ ನಿರಾಸೆಯೇ ಆಯಿತು. "ಹಂಗಾರ ನಮ್ಮ ಹೋತಂದೊಂದು ಹೊಡೀರಿ" ಎಂದ. ಹೊಡೆದೆ. ಅದರ ಗಡ್ಡಕ್ಕಿದ್ದ ಗಾಂಭೀರ್ಯ ಆಮೇಲೆ ತೆಗೆದ ಯಾವ ಚಿತ್ರಕ್ಕೂ ಬರಲಿಲ್ಲ.

ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದವನು. ಬಾಲದೊರೆ ವೆಂಕಟಪ್ಪ ನಾಯಕನಿಗೆ ಇಂಗ್ಲಿಷ್ ಕಲಿಸಿದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಸಾಹೇಬನ ಬಂಗಲೆಯನ್ನು ಎದುರು ನಿಂತು ನೋಡಿದರೆ ಗಟ್ಟಿಮುಟ್ಟಾದ ಹಳೆಯ ಮನೆ, ಅಷ್ಟೆ. ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಆಗ ಊರು, ಬಂಡೆಗುಡ್ಡಗಳು, ಅವುಗಳಾಚೆಯ ಬಯಲು ಎಲ್ಲ ಕಣ್ಣಿಗೆ ಬೀಳುತ್ತವೆ. ಬಯಲಿಗಿಂತ ನೂರು ಮೀಟರ್ ಮೇಲೆ ನಿಂತವನಿಗೆ ದಿಗಂತ ಸುಮಾರು 36 ಕಿ.ಮೀ. ದೂರ ಸರಿಯುತ್ತದೆ, ಲೈಟ್‌ಹೌಸುಗಳನ್ನು ಎತ್ತರಿಸುವುದೂ ಇದೇ ಲೆಕ್ಕದ ಮೇಲೆ. ಆದರೆ ನೇಪಿಯರ್ ಕಟ್ಟಿಸಿದ್ದು ಬೇರೆಯವರಿಗೆ ಕಾಣಲೆಂದು, ಟೇಲರ್ ಕಟ್ಟಿಸಿದ್ದು ತಾನು ಕಾಣಲೆಂದು. ಆಳುವವರ ಮನೆಗೂ ಲೈಟ್‌ಹೌಸಿಗೂ ಇರುವ ಅಂತರ ಇಷ್ಟೇ, ಮತ್ತು ಅದು ಸಣ್ಣದಲ್ಲ.

ಟೇಲರ್ 1853ರಲ್ಲಿ ಹೊರಟುಹೋದ. 1858ರಲ್ಲಿ ದೊರೆ ಕಂಪನಿಯ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಕೈದಿಯಾಗಿ ಸಾಗಿಸುವಾಗ ದಾರಿಯಲ್ಲೇ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡ ಎಂದರು ಇಂಗ್ಲಿಷರು. ಒಪ್ಪದವರು ಸುರಪುರದಲ್ಲಿ ಇಂದಿಗೂ ಇದ್ದಾರೆ. 'ಅಪ್ಪಾ' ಎಂಬ ಆ ಕರೆಯನ್ನು ದೂರದಿಂದ ಕೇಳಿದರೆ ಕಣ್ಣು ತೇವವಾಗುತ್ತದೆ. ಹತ್ತಿರ ಹೋದರೆ ಖಜಾನೆಯ ಕೀಲಿಕೈ ಯಾರ ಸೊಂಟದಲ್ಲಿತ್ತು ಎಂಬುದೂ ಕಾಣುತ್ತದೆ.

ಹಾಗಾಗಿ ಅಕ್ಕನ ಮಗನಿಗೆ ನಾನು ಕಳಿಸಿದ್ದು ಶಹಾಪುರದ ಮಲಗಿದ ಬುದ್ಧನನ್ನು. ಯಾರೂ ಕಡೆದದ್ದಲ್ಲ, ಗುಡ್ಡಗಳ ಸಾಲೇ ಹಣೆ, ಮೂಗು, ಎದೆಯಾಗಿ ಆಕಾಶಕ್ಕೆ ಮುಖ ಮಾಡಿ ಒರಗಿದೆ. ದೀಪವಿಲ್ಲ, ಕಾವಲುಗಾರನಿಲ್ಲ, ಕೆಲಸ ಮಾತ್ರ ನಡೆದಿದೆ. ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಮಂದಿ ಹಬ್ಬಕ್ಕೆಂದು ರಾತ್ರಿ ಬಸ್ಸು ಹತ್ತಿ ಬರುತ್ತಾರೆ. ಬೆಳಗಿನ ಜಾವ ಕಿಟಕಿಯಲ್ಲಿ ಆ ಮೂಗು ಕಂಡರೆ ಸಾಕು, ಮಕ್ಕಳನ್ನು ಎಬ್ಬಿಸಿ ಸೀಟಿನ ಕೆಳಗಿನ ಚೀಲ ಎಳೆದುಕೊಳ್ಳುತ್ತಾರೆ. ಕಂಡಕ್ಟರ್ ಕೂಗುವ ಅಗತ್ಯವೇ ಇಲ್ಲ. ಹಡಗಿನವರಿಗೆ ಲೈಟ್‌ಹೌಸು ಇದಕ್ಕಿಂತ ಹೆಚ್ಚೇನು ಮಾಡುತ್ತದೆ?

ನೀವು ಬಂದರೆ ಫೋಟೋ ತೆಗೆಯಲು ಗುಡ್ಡದ ಬುಡಕ್ಕೆ ಹೋಗಬೇಡಿ. ಅಲ್ಲಿರುವುದು ಕಲ್ಲು, ಕುರುಚಲು, ಬಿಸಿಲು. ಸೂರ್ಯ ಏರುವ ಮುಂಚೆ ದೂರದಿಂದಲೇ ತೆಗೆಯಿರಿ, ಅಂಚು ಚೊಕ್ಕಟವಾಗಿ ಬರುತ್ತದೆ. ಕರೆಂಟಿನ ತಂತಿ ಅಡ್ಡ ಬಂದರೆ ಎರಡು ಹೆಜ್ಜೆ ಸರಿಯಿರಿ, ಆದರೆ ರಸ್ತೆಯ ನಡುವೆ ಸರಿಯಬೇಡಿ. ಹತ್ತಿ ತುಂಬಿದ ಲಾರಿಯವನಿಗೆ ಪಕ್ಕದಲ್ಲಿ ಏನೂ ಕಾಣುವುದಿಲ್ಲ.