ಹ್ಯಾಮ್ ರೇಡಿಯೊಗೆ ಪವರ್ ಸಪ್ಲೈ: ಬಳಕೆದಾರರ ಕೈಪಿಡಿ (ಬೆಳಗಾವಿ–ಖಾನಾಪುರ ಆವೃತ್ತಿ)

ಅಭಿನಂದನೆಗಳು. ಈ ಕೈಪಿಡಿ ತೆರೆದಿದ್ದೀರಿ ಎಂದರೆ ಪರೀಕ್ಷೆ ಪಾಸಾಗಿದೆ, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಬಂದಿದೆ, ಮನೆಯಲ್ಲಿ ಅರ್ಧ ಬೆಲೆ ಹೇಳಿ ರಿಗ್ ತಂದಾಗಿದೆ. ಈಗ ಆ ರಿಗ್ ಗೋಡೆಯ 230 ವೋಲ್ಟ್ ಮುಟ್ಟುವುದಿಲ್ಲ, 13.8 ವೋಲ್ಟ್ ಡಿಸಿಯೇ ಬೇಕು ಎಂದು ಹಟ ಹಿಡಿದಿದೆ. ಸೂಚನೆಗಳನ್ನು ಕ್ರಮವಾಗಿ ಓದಿರಿ. ಕೊನೆಯ ಪುಟದಿಂದ ಓದುವ ಅಭ್ಯಾಸದವರಿಗಾಗಿ ಫ್ಯೂಸಿನ ವಿಷಯವನ್ನು ಕೊನೆಗೇ ಇಡಲಾಗಿದೆ.

ಸೂಚನೆ 1: ಲೆಕ್ಕ. ನೂರು ವ್ಯಾಟಿನ ರಿಗ್, ನೂರನ್ನು 13.8ರಿಂದ ಭಾಗಿಸಿದರೆ ಏಳು ಚಿಲ್ಲರೆ ಆಂಪಿಯರ್. ಹತ್ತು ಆಂಪಿಯರಿನ ಸಪ್ಲೈ ಸಾಕು ಎಂದು ನಿಮಗೆ ಅನ್ನಿಸುತ್ತದೆ. ಅನ್ನಿಸಲಿ, ಕೊಳ್ಳಬೇಡಿ. ಆಂಟೆನಾಕ್ಕೆ ನೂರು ವ್ಯಾಟ್ ಕಳಿಸಲು ರಿಗ್ ಒಳಗೆ ಸುಮಾರು 280 ವ್ಯಾಟ್ ತಿನ್ನುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮಾತಾಡುವಾಗ 20ರಿಂದ 22 ಆಂಪಿಯರ್, ಸುಮ್ಮನೆ ಕೇಳುವಾಗ ಒಂದು, ಒಂದೂವರೆ. ಮೂವತ್ತು ಆಂಪಿಯರಿನದು ಕೇಳಿರಿ.

ಸೂಚನೆ 2: ಜಾತಿ. ಸಪ್ಲೈಯಲ್ಲಿ ಎರಡು ಜಾತಿ. ದೊಡ್ಡ ಟ್ರಾನ್ಸ್‌ಫಾರ್ಮರಿನ ಲಿನಿಯರ್ ಎತ್ತಿದರೆ ನಡು ಹಿಡಿಯುತ್ತದೆ, ಆದರೆ ಬ್ಯಾಂಡಿನಲ್ಲಿ ಗಲಾಟೆ ಮಾಡುವುದಿಲ್ಲ. ಅದರ ದುರ್ಗುಣ ಒಂದೇ: ಒಳಗಿನ 2ಎನ್3055 ಟ್ರಾನ್ಸಿಸ್ಟರುಗಳಲ್ಲಿ ಒಂದು ಶಾರ್ಟ್ ಆದರೆ ಇಪ್ಪತ್ತಕ್ಕೂ ಹೆಚ್ಚು ವೋಲ್ಟ್ ನೇರ ರಿಗ್ಗಿಗೆ ನುಗ್ಗುತ್ತದೆ. ಅದನ್ನು ತಡೆಯುವ ಕ್ರೋಬಾರ್ ಸರ್ಕ್ಯೂಟ್ ಇದೆಯೇ ಎಂದು ಅಂಗಡಿಯಲ್ಲಿ ಕೇಳಿರಿ. ‘ಅದೇನ ಸರ?’ ಎಂದು ಅವರು ತಿರುಗಿ ಕೇಳಿದರೆ ಉತ್ತರ ಸಿಕ್ಕಿತು.

ಇನ್ನೊಂದು ಎಸ್‌ಎಂಪಿಎಸ್. ಗಣಪತ ಗಲ್ಲಿಯ ಅಂಗಡಿ ಬೋರ್ಡುಗಳ ಎಲ್‌ಇಡಿ ಅಕ್ಷರಗಳ ಹಿಂದೆ ಕೂತಿರುತ್ತದಲ್ಲ, ತೂತುತೂತಿನ ತಗಡಿನ ಡಬ್ಬಿ, ಅದೇ ಜಾತಿ. 12 ವೋಲ್ಟ್ ಎಂದು ಬರೆದಿದ್ದರೂ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿದರೆ ಹಲವು 13.8ಕ್ಕೆ ಏರುತ್ತವೆ. ಅಗ್ಗ, ಹಗುರ. ಆದರೆ ಕೆಲವು ಡಬ್ಬಿಗಳು ತಾವೂ ಒಂದು ಸ್ಟೇಶನ್ ನಡೆಸುತ್ತವೆ. 40 ಮೀಟರ್ ಬ್ಯಾಂಡಿನಲ್ಲಿ ಗುಂಯ್ ಎನ್ನುವುದೇ ಅವುಗಳ ಕಾರ್ಯಕ್ರಮ.

ಆದ್ದರಿಂದ ಅಂಗಡಿಗೆ ಹೋಗುವಾಗ ಎರಡು ವಸ್ತು ಒಯ್ಯಿರಿ: ಒಂದು ಸೆಲ್ ರೇಡಿಯೊ, ಒಂದು ಕಾರಿನ ಹೆಡ್‌ಲೈಟ್ ಬಲ್ಬು. ಬಲ್ಬನ್ನು ಸಪ್ಲೈಗೆ ಜೋಡಿಸಿರಿ, ನಾಲ್ಕೈದು ಆಂಪಿಯರಿನ ಕೆಲಸ ಬೀಳಲಿ. ಖಾಲಿ ಕೂತಾಗ ಎಲ್ಲ ಸಪ್ಲೈಯೂ ಸಾಧುವೇ. ರೇಡಿಯೊವನ್ನು ಮೀಡಿಯಂ ವೇವಿನಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿನಿಂದ ಸ್ವಲ್ಪ ಸರಿಸಿ, ಸ್ಟೇಶನ್ ಇಲ್ಲದ ಕಡೆ ನಿಲ್ಲಿಸಿ, ಡಬ್ಬಿಯ ಹತ್ತಿರ ಒಯ್ಯಿರಿ. ಒಂದು ಮೊಳ ದೂರದಲ್ಲೇ ಅರಚಿದರೆ ಬೇರೆಯದು ತೋರಿಸಲು ಹೇಳಿರಿ. ‘ಸಪ್ಲೈ ತಗೋಳಾಕ ಬಂದೀರೇನ್ರಿ, ಹಾಡ ಕೇಳಾಕ ಬಂದೀರಿ?’ ಎಂಬ ಪ್ರಶ್ನೆ ಬರುತ್ತದೆ. ಕೈಪಿಡಿಯಲ್ಲಿ ಹೀಗೇ ಬರೆದಿದೆ ಎನ್ನಿರಿ.

ಟಿಳಕವಾಡಿ, ಶಹಾಪುರದವರಿಗೆ ಇಷ್ಟು ಸಾಕು. ಖಾನಾಪುರದವರು ಮುಂದೆ ಓದಿರಿ.

ಸೂಚನೆ 3: ಮೇಲಿನದನ್ನೆಲ್ಲ ಮರೆಯಿರಿ. ಜಾಂಬೋಟಿ, ಕಣಕುಂಬಿ ಕಡೆ ಜೂನ್ ಹಿಡಿದರೆ ಮಳೆ ಬಿಡುವುದಿಲ್ಲ. ಕಾಡಿನ ಮರ ತಂತಿಯ ಮೇಲೆ ಒರಗಿದ ರಾತ್ರಿ ಲಿನಿಯರ್ ಆದರೇನು, ಎಸ್‌ಎಂಪಿಎಸ್ ಆದರೇನು. ಅಲ್ಲಿ ಸಪ್ಲೈ ಎಂದರೆ ಬ್ಯಾಟರಿ. ಗೋಡೆಯ ಕರೆಂಟಿಗೆ ಅದನ್ನು ತುಂಬಿಸುವುದಷ್ಟೇ ಕೆಲಸ. ಇದು ರಾಜಿಯೇನೂ ಅಲ್ಲ. ಎಂಜಿನ್ ಓಡುವಾಗ ಕಾರಿನ ಬ್ಯಾಟರಿ ಹೆಚ್ಚುಕಡಿಮೆ 13.8 ವೋಲ್ಟಿನಲ್ಲಿರುತ್ತದೆ. ರಿಗ್ಗಿನ ಹಟ ಬಂದದ್ದೇ ಅಲ್ಲಿಂದ.

ಮನೆಯಲ್ಲಿ ಇನ್ವರ್ಟರ್ ಇದೆ, ಅದಕ್ಕೇ ಸಪ್ಲೈ ಸಿಕ್ಕಿಸುತ್ತೇನೆ ಎನ್ನುವವರು ಕ್ಷಣ ನಿಲ್ಲಿರಿ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 13.8ಕ್ಕೆ ಇಳಿಸುವುದು ಖಾನಾಪುರದಿಂದ ಲೋಂಡಾಕ್ಕೆ ಬೆಳಗಾವಿ ಮೇಲೆ ಹೋದಂತೆ. ಎರಡು ಕಡೆ ಕರೆಂಟು ಸೋರುತ್ತದೆ, ಇನ್ವರ್ಟರಿನ ಗುಂಯ್ ಬೇರೆ. ನೇರ ಆ ಬ್ಯಾಟರಿಗೇ ತಂತಿ ಹಾಕಬಹುದು. ಫ್ಯಾನ್ ನಿಂತ ಮೇಲೆ ಮನೆಯವರಿಗೆ ಏನು ಹೇಳಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಯಲ್ಲಿಲ್ಲ.

ಬೇರೆ ಬ್ಯಾಟರಿ ಇಡುವುದೇ ವಾಸಿ. ನೂರು ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೂ ಕೇಳುತ್ತ ಮೂವತ್ತು ಗಂಟೆ ಕೂರಬಹುದು. ಮಾತು ಕಡಿಮೆ ಮಾಡಿದಷ್ಟೂ ಬಾಳಿಕೆ, ಇದು ಹ್ಯಾಮ್‌ಗಳಿಗೆ ಒಗ್ಗದ ಸಲಹೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಮಂಚದ ಕೆಳಗೆ ಇಡಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಕೊನೆಯತನಕ ವೋಲ್ಟೇಜ್ ಬೀಳಿಸುವುದಿಲ್ಲ. ಚಾರ್ಜರ್ ಮಾತ್ರ ಅದಕ್ಕೆ ತಕ್ಕದ್ದೇ ಬೇಕು.

ಸೂಚನೆ 4: ತಂತಿ. ಸಾವಿರಾರು ರೂಪಾಯಿಯ ಸಪ್ಲೈ ತಂದು, ಮನೆಯಲ್ಲಿ ಉಳಿದ ವೈರಿಂಗ್ ತುಂಡನ್ನು ಜೋಡಿಸುವುದು ನಮ್ಮ ಕಡೆಯ ಸಂಪ್ರದಾಯ. ಮೂರು ಮೀಟರ್ ದೂರಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರ ಹಾಕಿದರೆ, 20 ಆಂಪಿಯರ್ ಹರಿದಾಗ ಹೋಗಿಬರುವ ದಾರಿಯಲ್ಲೇ ಸುಮಾರು 1.4 ವೋಲ್ಟ್ ಖರ್ಚು. ನಾಲ್ಕರದು ಹಾಕಿದರೆ ಅರ್ಧ ವೋಲ್ಟ್.

ತೊಂದರೆ ನಿವಾರಣೆ. ಮೈಕ್ ಒತ್ತಿದಾಗಲೆಲ್ಲ ರಿಗ್ ಆರಿ ಹೊತ್ತಿಕೊಳ್ಳುತ್ತಿದೆ: ಸೂಚನೆ 4 ಬಿಟ್ಟು ಓದಿದ್ದೀರಿ. ಮೇ ತಿಂಗಳ ಅವಕಾಳಿ ಮಳೆಗೆ ಗುಡುಗುತ್ತಿದೆ: ಆಂಟೆನಾ, ಪ್ಲಗ್ ಎರಡನ್ನೂ ಕಿತ್ತಿರಬೇಕಿತ್ತು. ತಂತಿ ಬಿಸಿಯಾಗಿ ವಾಸನೆ ಬರುತ್ತಿದೆ: ಫ್ಯೂಸನ್ನು ರಿಗ್ಗಿನ ಹಿಂದೆ ಹಾಕಿ ಬ್ಯಾಟರಿಯ ಪ್ಲಸ್ ತುದಿಯನ್ನು ಬರಿದೇ ಬಿಟ್ಟಿದ್ದೀರಿ, ಫ್ಯೂಸ್ ಇರಬೇಕಾದದ್ದು ಆ ತುದಿಯ ಪಕ್ಕದಲ್ಲೇ. ಎಲ್ಲ ಸರಿಯಿದೆ, 13.8 ಬರುತ್ತಿದೆ, ಕರೆದರೆ ಮಾತ್ರ ಯಾರೂ ಉತ್ತರಿಸುತ್ತಿಲ್ಲ: ಆಂಟೆನಾದ ಕೈಪಿಡಿ ನೋಡಿರಿ, ಅದಕ್ಕೆ ಬೆಲೆ ಬೇರೆ.