ಸಾಹುಕಾರರ ವೆಬ್‌ಸೈಟು

ಇಳಕಲ್ ಸೀರೆ ಮಾರುವ ಈ ಸಾಹುಕಾರರು ಹುಬ್ಬಳ್ಳಿಯಲ್ಲಿದ್ದಾರೆ, ಬಾಗಲಕೋಟೆಯಲ್ಲಿದ್ದಾರೆ, ನಿಮ್ಮೂರ ಬಜಾರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೆಸರು ಬೇಡ, ಗುರುತು ಸಾಕು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಹಣೆಗೆ ವಿಭೂತಿ. ಕೈಗೆ ಕೊಡುವ ವಿಸಿಟಿಂಗ್ ಕಾರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ದಪ್ಪಕ್ಷರದಲ್ಲಿ ವೆಬ್‌ಸೈಟಿನ ವಿಳಾಸ.

ಅಂಗಡಿಯೊಳಗೆ ಇವರಿಗೆ ಸಾಟಿಯಿಲ್ಲ. ಮಳೆ ಬಂತೆಂದು ಬಾಗಿಲಲ್ಲಿ ನಿಂತವರನ್ನೂ ಗಿರಾಕಿ ಮಾಡಿ ಕಳಿಸುತ್ತಾರೆ. “ಬರ್ರಿ ಅಕ್ಕಾರ, ಕೂಡ್ರಿ. ತಗೊಳ್ಳೂದು ಬಿಡೂದು ಆಮ್ಯಾಗ, ಮೊದಲ ನೋಡ್ರಿ.” ಹುಡುಗನಿಗೆ ಕಣ್ಸನ್ನೆ, ಚಹಾ ಬರುತ್ತದೆ. ಅಕ್ಕನವರ ಚಪ್ಪಲಿ, ಕೈಚೀಲ, ಜೊತೆಗೆ ಬಂದ ಅತ್ತೆಯ ಮುಖ ನೋಡಿಯೇ ಯಾವ ಕಪಾಟು ತೆರೆಯಬೇಕೆಂದು ಅವರಿಗೆ ಗೊತ್ತು. ಚಿಕ್ಕಿ ಪರಾಸ್ ಅಂಚು ಹಿಡಿಸಲಿಲ್ಲವೋ, ಗೋಮಿ ಅಂಚು ಹೊರಬರುತ್ತದೆ. ಟೋಪು-ತೆನಿ ಸೆರಗನ್ನು ಮೊಳಕೈಯ ಮೇಲೆ ಹರಡಿ, ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿರುವ ಜಾಗವನ್ನು ಬೆರಳಿಟ್ಟು ತೋರಿಸುತ್ತಾರೆ. “ಬಿಸಲಾಗ ಹಿಡದ ಬಣ್ಣ ನೋಡ್ರಿ” ಎಂದು ತಾವೇ ಸೀರೆ ಹೊತ್ತು ಬಾಗಿಲ ತನಕ ಬರುತ್ತಾರೆ. ಕೇಳುವ ಮೊದಲೇ ಬೆಲೆ, ಬೆಲೆಯ ಹಿಂದೆಯೇ ರಿಯಾಯಿತಿ, ಅದರ ಹಿಂದೆ ಗುಳೇದಗುಡ್ಡದ ಖಣ. ಅಕ್ಕನವರು ಎರಡು ಸೀರೆ ಹಿಡಿದು ಹೊರಬೀಳುವಾಗ ಮಳೆ ನಿಂತು ಅರ್ಧ ಗಂಟೆಯಾಗಿರುತ್ತದೆ.

ಇಂಥ ಮನುಷ್ಯ ವೆಬ್‌ಸೈಟಿನಲ್ಲಿ ಹೇಗಿದ್ದಾರೆ? ಅಲ್ಲಿ ಅವರು ಪೂರಾ ಬೇರೆಯೇ ಆಸಾಮಿ.

ವೆಬ್‌ಸೈಟು ಮಾಡಿಕೊಟ್ಟವನು ಹೆಂಡತಿಯ ಅಣ್ಣನ ಮಗ, ಆಗ ಇಂಜಿನಿಯರಿಂಗ್ ಮೂರನೇ ವರ್ಷ. ವಿಳಾಸ ಒತ್ತಿದರೆ ಮೊದಲು ಒಂದು ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಮದುವೆ ಫೋಟೋಗ್ರಾಫರನ ಕ್ಯಾಮೆರಾದಿಂದ ಬಂದ ಭಾರೀ ಚಿತ್ರಗಳನ್ನು ಒಂದಿಷ್ಟೂ ಕುಗ್ಗಿಸದೆ ಏರಿಸಿದ ಫಲ ಅದು. ಪುಟ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚಾದರೆ ಮೊಬೈಲಿನಲ್ಲಿ ಬಂದವರಲ್ಲಿ ಶೇ. 53 ಮಂದಿ ಹೊರಟುಹೋಗುತ್ತಾರೆಂದು ಗೂಗಲ್ 2016ರಲ್ಲೇ ಹೇಳಿತ್ತು. 2018ರ ಜುಲೈನಿಂದ ಮೊಬೈಲ್ ಹುಡುಕಾಟದಲ್ಲಿ ಪುಟದ ವೇಗವನ್ನೂ ಲೆಕ್ಕಕ್ಕೆ ಹಿಡಿಯಿತು. ಸಾಹುಕಾರರ ಉತ್ತರ ಸಿದ್ಧವಿದೆ: “ಖರೇ ಗಿರಾಕಿ ಕಾಯ್ತಾನ್ರಿ.” ಅಂಗಡಿಯಲ್ಲಿ ಚಹಾ ತರಲು ಹುಡುಗ ಎರಡು ನಿಮಿಷ ತಡಮಾಡಿದರೆ ಅವನ ಏಳು ತಲೆಮಾರು ಎತ್ತಿ ಬೈಯುವವರ ಮಾತಿದು.

ಕೊನೆಗೂ ಪುಟ ತೆರೆಯಿತೆನ್ನಿ. ಚಿತ್ರಗಳು ಒಂದೊಂದಾಗಿ ಸರಿಯತೊಡಗುತ್ತವೆ. ಮೊದಲು ಮನೆದೇವರು. ಆಮೇಲೆ ಹಾರ ಹಾಕಿದ ಅಜ್ಜ. ಮೂರನೆಯದು ಶಾಸಕರಿಂದ ಶಾಲು ಹೊದೆಸಿಕೊಳ್ಳುತ್ತಿರುವ ಸ್ವತಃ ಸಾಹುಕಾರರು. ನಾಲ್ಕನೆಯದು ಅಂಗಡಿಯ ಹೊಸ ಕಟ್ಟಡ. ಐದನೆಯದರಲ್ಲಿ ಸೀರೆ ಇರಬಹುದೆಂದು ಕಾದರೆ ಮತ್ತೆ ಮನೆದೇವರೇ ಪ್ರತ್ಯಕ್ಷ. ಕೆಳಗೆ ‘ನಮ್ಮ ಬಗ್ಗೆ’ ಎಂಬ ಏಳು ಕಂಡಿಕೆಗಳು. ಅಜ್ಜ ಹೆಗಲ ಮೇಲೆ ಗಂಟು ಹೊತ್ತು ಊರೂರು ತಿರುಗಿದ್ದರಿಂದ ಹಿಡಿದು ಮೊಮ್ಮಗನ ಜವಳದವರೆಗೆ ಎಲ್ಲವೂ ಉಂಟು. ಸೀರೆಯ ಮೈ ಹತ್ತಿಯದೋ ರೇಷ್ಮೆಯದೋ, ಒಗೆದರೆ ಬಣ್ಣ ಬಿಡುತ್ತದೋ, ಕುಪ್ಪಸದ ಬಟ್ಟೆ ಜೊತೆಗಿದೆಯೋ, ಇವು ಮಾತ್ರ ಇಲ್ಲ.

ಹುಡುಕಿ ಹುಡುಕಿ ಸೀರೆಯ ಪುಟಕ್ಕೆ ಬಂದಿರಿ. ಸೀರೆ ನಾಲ್ಕು ಮಡಿಕೆಯಲ್ಲಿ ಮಲಗಿದೆ, ಸೆರಗು ಅಡಿಯಲ್ಲಿ. ಬೆಲೆ ನೋಡಬೇಕಾದರೆ ನೋಂದಣಿ ಮಾಡಿಕೊಳ್ಳಬೇಕು. ಹೆಸರು, ವಿಳಾಸ, ಹುಟ್ಟಿದ ದಿನ, ಇದ್ದರೆ ಜಿಎಸ್‌ಟಿ ಸಂಖ್ಯೆ, ಆಮೇಲೆ ಓಟಿಪಿ. ಬೆಲೆಯನ್ನು ಬಚ್ಚಿಡುವುದೇಕೆಂದರೆ ಸಾಹುಕಾರರು ದನಿ ತಗ್ಗಿಸುತ್ತಾರೆ: “ಎದುರಿನ ಅಂಗಡಿಯವ ನೋಡಿ ಹತ್ತು ರೂಪಾಯಿ ಇಳಸ್ತಾನ್ರಿ.” ಇಷ್ಟೆಲ್ಲ ತಾಳ್ಮೆಯಿಂದ ತುಂಬಿ ನೋಂದಣಿ ಮಾಡಿಕೊಂಡವನು ಇದುವರೆಗೆ ಒಬ್ಬನೇ. ಆತ ಎದುರಿನ ಅಂಗಡಿಯವನು.

ಅಮೆರಿಕದ ವಿನ್ಯಾಸ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಒಂದು ಸಂಗತಿ ಬರೆದಿದ್ದರು. ಅಲ್ಲಿನ ದೊಡ್ಡ ವ್ಯಾಪಾರಿ ಸಂಸ್ಥೆಯೊಂದರ ತಾಣದಲ್ಲಿ ಹಣ ಕಟ್ಟುವ ಮುನ್ನ ‘ನೋಂದಣಿ’ ಎಂಬ ಗುಂಡಿ ಅಡ್ಡ ನಿಂತಿತ್ತು. ಅದನ್ನು ಕಿತ್ತು ‘ಮುಂದುವರಿಯಿರಿ’ ಎಂಬ ಗುಂಡಿ ಇಟ್ಟರು, ಖಾತೆ ತೆರೆಯುವುದು ಕಡ್ಡಾಯವಲ್ಲ ಎಂದೊಂದು ಸಾಲು ಸೇರಿಸಿದರು. ಮೊದಲ ವರ್ಷದಲ್ಲೇ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರ! ಇದನ್ನು ಹೇಳಿದಾಗ ಸಾಹುಕಾರರು ಗಂಭೀರವಾಗಿ ತಲೆದೂಗಿ, ಮರುದಿನವೇ ತಮ್ಮ ನೋಂದಣಿ ಗುಂಡಿಗೆ ಬಂಗಾರದ ಬಣ್ಣ ಬಳಿಸಿದರು.

ಬೆಂಗಳೂರಿನಿಂದ ಸಲಹೆಗಾರನೊಬ್ಬ ಬಂದು, ಒಂದೇ ಪುಟ ನೋಡಿ ಮರಳುವವರ ಪ್ರಮಾಣ ಶೇ. 80 ಎಂದಾಗ ಅವರು ಹಿಗ್ಗಿಹೋದರು. “ಎಂಬತ್ತ? ಫಸ್ಟ್ ಕ್ಲಾಸ್ ಆತಲ್ರಿ!” ಪುಟದ ಅಡಿಯಲ್ಲಿ ಬಂದವರ ಸಂಖ್ಯೆ ತೋರಿಸುವ ಮೀಟರೂ ಇದೆ. ದಿನಾ ಬೆಳಿಗ್ಗೆ ಪೂಜೆಯ ನಂತರ ಅದನ್ನು ತೆರೆದು ನೋಡುತ್ತಾರೆ. ಅವರು ನೋಡಿದಾಗಲೆಲ್ಲ ಅದು ಒಂದು ಏರುತ್ತದೆ.

ವ್ಯಾಪಾರ ಏರಲಿಲ್ಲವೆಂದು ಸಲಹೆಗಾರ ಮದ್ದು ಕೊಟ್ಟ. ಪುಟ ತೆರೆದೊಡನೆ ಮುಖಕ್ಕೆ ಬಡಿಯುವ ‘ರಿಯಾಯಿತಿ ಬೇಕೇ?’ ಎಂಬ ಪೆಟ್ಟಿಗೆ, ಇನ್ನು ಐದೇ ನಿಮಿಷ ಎಂದು ಓಡುವ ಗಡಿಯಾರ. ಐದು ನಿಮಿಷ ಮುಗಿದ ಮೇಲೆ ಪುಟವನ್ನು ಮತ್ತೆ ತೆರೆದರೆ ಮತ್ತೆ ಐದು ನಿಮಿಷ. ಇಂಥ ಸುಳ್ಳು ಅವಸರವನ್ನು ಕೇಂದ್ರ ಸರ್ಕಾರದ 2023ರ ನವೆಂಬರಿನ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿದೆ. ಬೆಲೆಯ ವಿಷಯವೂ ಅಷ್ಟೇ: ಆನ್‌ಲೈನಿನಲ್ಲಿ ಮಾರುವವರು ಒಟ್ಟು ಬೆಲೆ, ವಾಪಸಾತಿಯ ಷರತ್ತು, ದೂರು ಕೇಳುವ ಅಧಿಕಾರಿಯ ವಿವರ ಕೊಡಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಸಾಹುಕಾರರು ನಿಟ್ಟುಸಿರಿಟ್ಟರು. “ಇದೊಂದ ಪೀಸ್ ಉಳದೈತಿ ಅಂತ ನಮ್ಮಪ್ಪನ ಕಾಲದಿಂದ ಹೇಳ್ತೀವ್ರಿ. ಅದಕ್ಕೂ ಸರ್ಕಾರ ಅಡ್ಡ ಬಂತಾ?”

ದಾರಿ ತೋರಿಸಿದ್ದು ಸೊಸೆ. ವೆಬ್‌ಸೈಟಿನ ‘ಸಂಪರ್ಕಿಸಿ’ ಎಂಬಲ್ಲಿಗೆ ಬಂದ ಪತ್ರಗಳೆಲ್ಲ ಹೋಗಿ ಬೀಳುತ್ತಿದ್ದ ಇ-ಮೇಲಿನ ಪಾಸ್‌ವರ್ಡ್, ಅದನ್ನು ಮಾಡಿಕೊಟ್ಟು ಪುಣೆ ಸೇರಿದ್ದ ಆ ಹುಡುಗನ ಬಳಿ ಮಾತ್ರ ಇತ್ತು. ಆಕೆ ಅದನ್ನು ತರಿಸಿಕೊಂಡು ತೆರೆದಾಗ ಎರಡು ದೀಪಾವಳಿ, ಒಂದು ಲಗ್ನಸರಾಯಿಯ ಗಿರಾಕಿಗಳು ಒಳಗೆ ಕಾದು ಕುಳಿತಿದ್ದರು. ಎಲ್ಲರೂ ಕೇಳಿದ್ದು ಅವೇ ಐದಾರು ಪ್ರಶ್ನೆ. ಆಕೆ ಆ ಪ್ರಶ್ನೆಗಳ ಉತ್ತರವನ್ನೇ ಕನ್ನಡದಲ್ಲಿ ಪ್ರತಿ ಸೀರೆಯ ಪಕ್ಕ ಬರೆದಳು. ಅಂಗಡಿಯ ಬಾಗಿಲಲ್ಲಿ, ಹಗಲು ಬೆಳಕಿನಲ್ಲಿ ಸೆರಗು ಬಿಚ್ಚಿ ಮೊಬೈಲಿನಲ್ಲೇ ಫೋಟೋ ತೆಗೆದಳು. ಬೆಲೆ ಎದುರಿಗಿಟ್ಟಳು, ನೋಂದಣಿ ಕಿತ್ತಳು, ಯುಪಿಐ ಮತ್ತು ವಾಟ್ಸಾಪ್ ಗುಂಡಿ ಹೆಬ್ಬೆರಳಿಗೆ ಸಿಗುವಲ್ಲಿ ಕೂಡಿಸಿದಳು. ಹೊಸದಾಗಿ ಆಕೆ ಕಂಡುಹಿಡಿದದ್ದೇನೂ ಇಲ್ಲ. ಮಾವ ಅಂಗಡಿಯಲ್ಲಿ ಇಷ್ಟು ವರ್ಷ ಮಾಡಿದ್ದನ್ನೇ ಪುಟಕ್ಕೆ ಇಳಿಸಿದ್ದಳು.

ವಾರದೊಳಗೆ ಬೆಳಗಾವಿಯಿಂದ, ಸೊಲ್ಲಾಪುರದಿಂದ ಬೇಡಿಕೆ ಬಂತು. ಸಾಹುಕಾರರು ಪಾರ್ಸಲ್‌ಗಳ ಮೇಲೆ ವಿಳಾಸ ಅಂಟಿಸುತ್ತ ಒಂದೇ ತಕರಾರು ಎತ್ತಿದರು: “ನನ್ನ ಶಾಲಿನ ಫೋಟೋ ಎಲ್ಲೈತಿ?”

ಇದೆ, ಪುಟದ ತೀರಾ ಕೆಳಗೆ. ಸೀರೆ ಕೊಂಡ ಮೇಲೆ ಬೇಕಾದವರು ನೋಡಬಹುದು. ಜಾಗ ಅದೇ ಸರಿ. ನಿಮ್ಮದೂ ಒಂದು ಅಂಗಡಿ, ಅದಕ್ಕೊಂದು ವೆಬ್‌ಸೈಟು ಇದ್ದರೆ ಸಲಹೆಗಾರನಿಗೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ: ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಿಮ್ಮದೇ ಮೊಬೈಲಿನಲ್ಲಿ, ನಿಮ್ಮದೇ ಸರಕು ಒಂದನ್ನು ಕೊಂಡು ನೋಡಿ. ಬಸ್ಸು ಬರುವುದರೊಳಗೆ ಕೊಳ್ಳಲಾಗದಿದ್ದರೆ ತಪ್ಪು ಗಿರಾಕಿಯದಲ್ಲ.